ಕುಂಕುಮ ಇಟ್ಟ ರಿಲೇ

ಮೊಮ್ಮಗಳು ಹುಟ್ಟಿದ ದಿನದ ಬಗ್ಗೆ ಬರೆಯೋಣವೆಂದು ಕುಳಿತರೆ ನನಗೆ ಮೊದಲು ನೆನಪಾಗುವುದು ಮಗುವಿನ ಮುಖವಲ್ಲ, ಒಂದು ಹಾಳು ರಿಲೇ. ಸಂತೋಷ ಗಂಟಲವರೆಗೆ ಬಂದು ನಿಂತಿರುವಾಗ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರೆ ಹೇಗಿರುತ್ತದೆ? ಆ ಮಧ್ಯಾಹ್ನವಿಡೀ ಅದು ನನ್ನನ್ನು ಹಾಗೆ ಜಗ್ಗಿತು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬರವಣಿಗೆ ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಿ. ಸಿಟ್ಟನ್ನು ಮಾತ್ರ ತಿದ್ದಬೇಡಿ, ಅದು ಇದ್ದಹಾಗೇ ಇರಲಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ತಮಿಳು ಸೀಮೆಯ ಅಂಬತ್ತೂರಿನ ಒಂದು ರಬ್ಬರ್ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಷಿಯನ್. ಗಾಡಿಗಳಿಗೆ ಹಾಕುವ ವಾಷರು, ಬುಷ್ಷು ಇಂಥವನ್ನು ಬಿಸಿ ಪ್ರೆಸ್ಸುಗಳಲ್ಲಿ ಒತ್ತಿ ತೆಗೆಯುತ್ತಿದ್ದೆವು. ಪ್ರೆಸ್ಸು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ಹೇಳುವುದು ಪ್ಯಾನೆಲ್ ಒಳಗಿನ ಕಂಟ್ರೋಲರು. ಆದರೆ ಪ್ರೆಸ್ಸನ್ನು ಎತ್ತಿ ಇಳಿಸುವ ಎಣ್ಣೆಯ ವಾಲ್ವನ್ನು ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ. ಅದಕ್ಕೇ ನಡುವೆ ಒಂದು ಹಸಿರು ಬೋರ್ಡು, ಅದರ ಮೇಲೆ ಸಾಲಾಗಿ ಬೆಂಕಿಪೊಟ್ಟಣದಂಥ ರಿಲೇಗಳು. ಕಂಟ್ರೋಲರು ಹೇಳಿದ ಕೂಡಲೇ ರಿಲೇಯೊಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಟಕ್ ಎಂದು ಎರಡು ಲೋಹದ ಚುಕ್ಕೆಗಳನ್ನು ಕೂಡಿಸುತ್ತದೆ, ಕರೆಂಟು ವಾಲ್ವಿಗೆ ಹೋಗುತ್ತದೆ. ಇಷ್ಟೇ ಕೆಲಸ. ಇಷ್ಟಕ್ಕೇ ಅದರ ಜಂಭ ನೋಡಬೇಕು.

ಆ ಬೋರ್ಡುಗಳನ್ನು ಆರಿಸುವಾಗ ನಾವೂ ಇದ್ದೆವು. ಎರಡು ಮಾದರಿ ತಂದು ಮೇಜಿನ ಮೇಲಿಟ್ಟಿದ್ದರು. ಒಂದರಲ್ಲಿ ರಿಲೇಗಳನ್ನು ಬೋರ್ಡಿಗೇ ಬೆಸುಗೆ ಹಾಕಿತ್ತು; ಒಂದು ಕೆಟ್ಟರೆ ಇಡೀ ಬೋರ್ಡು ಬಿಚ್ಚಬೇಕು. ಇನ್ನೊಂದರಲ್ಲಿ ಪ್ರತಿ ರಿಲೇಗೂ ಸಾಕೆಟ್ಟು; ಕೆಟ್ಟದ್ದನ್ನು ಕಿತ್ತು ಬೇರೆಯದನ್ನು ಚುಚ್ಚಿದರಾಯಿತು. ಮೇಂಟೆನೆನ್ಸಿನವರೆಲ್ಲ ಸಾಕೆಟ್ಟಿನದೇ ಬೇಕೆಂದು ಹಟ ಹಿಡಿದೆವು. ವಾಲ್ವು ಬಿಡುವಾಗ ರಿಲೇಯೊಳಗೆ ಕಿಡಿ ಹಾರುತ್ತದೆ, ಅದನ್ನು ತಡೆಯುವ ಸಣ್ಣ ಭಾಗವೊಂದನ್ನೂ ಸೇರಿಸಿ ಎಂದೆವು. ಸಾಕೆಟ್ಟು ಬಂತು, ಕಿಡಿ ತಡೆಯುವುದು ಬರಲಿಲ್ಲ. ‘ಮುಂದಿನ ಸಲ ನೋಡೋಣ’ ಎಂದರು. ಆ ಮುಂದಿನ ಸಲ ನಾನು ಕೆಲಸ ಬಿಡುವವರೆಗೂ ಬರಲಿಲ್ಲ. ಸ್ಟೋರಿಗೆ ಬಿಡಿ ರಿಲೇಗಳನ್ನು ತರಿಸಿದರು, ಅವುಗಳ ಕಾಯಿಲ್ ವೋಲ್ಟೇಜೇ ಬೇರೆ. ನೋಡಲು ಅವಳಿಜವಳಿ, ಹಾಕಿದರೆ ಸುಟ್ಟ ವಾಸನೆ. ಹೀಗಾಗಿ ಒಂದು ಪ್ರೆಸ್ಸಿನ ರಿಲೇ ಹೋದರೆ ನಿಂತಿರುವ ಇನ್ನೊಂದು ಪ್ರೆಸ್ಸಿನಿಂದ ಕಿತ್ತು ಹಾಕುವುದೇ ನಮ್ಮ ರಿಪೇರಿಯಾಗಿತ್ತು.

ಆ ದಿನ ಬೆಳಿಗ್ಗೆಯೇ ಮಗಳನ್ನು ಪೋರೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ನನ್ನ ಹೆಂಡತಿ ಅಲ್ಲೇ ಇದ್ದಳು. ಈ ಕಡೆ ಒಂದು ಪದ್ಧತಿಯಿದೆ: ಹುಟ್ಟಿದ ಮಗುವಿನ ನಾಲಿಗೆಗೆ ಮನೆಯ ಹಿರಿಯರೊಬ್ಬರು ಸಕ್ಕರೆ ನೀರು ಸೋಕಿಸಬೇಕು. ಯಾರು ಸೋಕಿಸುತ್ತಾರೋ ಅವರ ಗುಣವೇ ಮಗುವಿಗೆ ಬರುತ್ತದಂತೆ. ನಮ್ಮೂರಲ್ಲಿ ಇದಿಲ್ಲ. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಇದೆಲ್ಲ ಬೇಕು. ಬಸುರಿಯಾದಾಗಿನಿಂದ ಒಂದೇ ಮಾತು: “ಅಪ್ಪಾ, ನೀನೇ ಇಡಣು. ಬೇರೆ ಯಾರೂ ವೇಂಡಾಂ.” ಅವಳ ಕನ್ನಡ ಹೀಗೆ, ಅರ್ಧ ದಾರಿಯಲ್ಲಿ ತಮಿಳಾಗುತ್ತದೆ. ಬೀಗಿತ್ತಿಗೋ, ತಾನೇ ಸೋಕಿಸಬೇಕೆಂಬ ಆಸೆ. ಬೆಳ್ಳಿ ಬಟ್ಟಲು ತೊಳೆದು ಇಟ್ಟುಕೊಂಡೇ ಆಸ್ಪತ್ರೆಗೆ ಬಂದಿದ್ದರು.

ಊಟದ ಹೊತ್ತಿಗೆ ಗೇಟಿನ ಫೋನಿಗೆ ಕರೆ ಬಂತು. ಓಡಿದೆ.

“ರೀ, ಹೆಣ್ಣು ಮಗು! ಇಬ್ರೂ ಚೆನ್ನಾಗವ್ರೆ. ಬೇಗ ಬನ್ನಿ, ಬೀಗಿತ್ತಿ ಬಟ್ಲು ಹಿಡ್ಕೊಂಡು ಬಾಗ್ಲಲ್ಲೇ ನಿಂತವ್ರೆ. ನಾನ್ ಎಷ್ಟೊತ್ತು ತಡೀಲಿ?”

ನಾನು ಗೇಟಿನವನನ್ನು ತಬ್ಬಿಕೊಂಡೆ. ಪಾಪ, ಅವನು ಬಾಯಲ್ಲಿ ಮೊಸರನ್ನ ಇಟ್ಟುಕೊಂಡಿದ್ದ. ರಜೆ ಕೇಳಲು ಸೂಪರ್‌ವೈಸರ ಹತ್ತಿರ ಹೋದರೆ, ಅವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಾರೆ. ಬಾಗಿಲ ಪಕ್ಕದ ಪ್ರೆಸ್ಸು ಮುಚ್ಚಿದ್ದು ತೆರೆಯುತ್ತಿಲ್ಲ, ಒಳಗೆ ರಬ್ಬರು ಬೇಯುತ್ತಿದೆ.

“ತಾತ ಆಗ್ಬಿಟ್ರಿ, ಸಂತೋಷ. ಇದೊಂದ್ ನೋಡ್ಬಿಟ್ಟು ಹೊರಡಿ ಅಣ್ಣೇ.”

ಇದೊಂದು! ಪ್ಯಾನೆಲ್ ತೆರೆದೆ. ರಿಲೇಯ ಕೆಂಪು ದೀಪ ಉರಿಯುತ್ತಿದೆ, ಟಕ್ ಎಂಬ ಸದ್ದೂ ಬರುತ್ತಿದೆ. ನಮ್ಮ ಸೆಕ್ಷನ್ನಿನಲ್ಲಿ ಎಲ್ಲರೂ ಕಿವಿಯನ್ನೇ ನಂಬಿದವರು; ಸದ್ದು ಬಂದರೆ ರಿಲೇ ಸರಿಯಿದೆ ಎಂದೇ ಲೆಕ್ಕ. ಹಾಗಾಗಿ ವಾಲ್ವನ್ನು ಬಿಚ್ಚಿದೆ. ಎಣ್ಣೆ ಮೊಣಕೈವರೆಗೆ ಇಳಿಯಿತು. ವಾಲ್ವಿಗೆ ಏನೂ ಆಗಿಲ್ಲ. ಮತ್ತೆ ಜೋಡಿಸಿ, ವೈರುಗಳನ್ನು ಎಳೆದು ನೋಡಿ, ಕೊನೆಗೆ ಮೀಟರು ಹಿಡಿದರೆ ರಿಲೇಯಿಂದ ಕರೆಂಟೇ ಹೊರಗೆ ಬರುತ್ತಿಲ್ಲ. ದೀಪ ಹೇಳುವುದು ಕಾಯಿಲ್ ಕಥೆ, ಸದ್ದೂ ಅದರದೇ. ಚುಕ್ಕೆಗಳು ಕಿಡಿ ತಿಂದು ಕರ್ರಗಾಗಿರುವುದನ್ನು ಎರಡೂ ಹೇಳುವುದಿಲ್ಲ. ಸಿಟ್ಟಿನಲ್ಲಿ ಅದನ್ನು ಕಿತ್ತು ನನ್ನ ಜೊತೆಗಾರನ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಪ್ರೆಸ್ಸಿನಿಂದ ಒಂದನ್ನು ತಂದು ಚುಚ್ಚಿದೆ. ಪ್ರೆಸ್ಸು ತೆರೆಯಿತು. ಕೈ ಒರೆಸಿಕೊಂಡು ಗೇಟಿಗೆ ಓಡಿದೆ.

ಬಸ್ ಸ್ಟಾಪಿನವರೆಗೂ ಹೋಗಿರಲಿಲ್ಲ, ಗೇಟಿನವನು ಕೂಗಿದ. ಈಗ ಪಕ್ಕದ ಪ್ರೆಸ್ಸಂತೆ. ಅಚ್ಚು ಕೂರಿಸಿ ಆಗತಾನೇ ಶುರುಮಾಡಿದ್ದರು, ಮುಚ್ಚಿಕೊಂಡಿತು, ತೆರೆಯುತ್ತಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾ ವಾಪಸು ಬಂದೆ. ಜೊತೆಗಾರ ಆಗಲೇ ಬೋರ್ಡಿಗೆ ಕೈ ಹಾಕಿದ್ದ. ಅವನು ತಿರುವೊಟ್ಟಿಯೂರಿನವನು, ಒಳ್ಳೆಯ ಕೆಲಸಗಾರ, ಯಾವುದಕ್ಕೂ ಗಡಿಬಿಡಿಯೇ ಇಲ್ಲದವನು. ಆವತ್ತು ಆ ನಿಧಾನವನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು.

“ರಿಲೇನೇ ಅಣ್ಣೇ. ಕೊನೇ ಪ್ರೆಸ್ಸಿಂದ ಒಂದು ತಂದು ಹಾಕ್ಬಿಟ್ಟೆ. ನೀವು ಹೊರಡಿ, ಮಗು ಕಾಯ್ತಾ ಇರತ್ತೆ.”

ಓಡುವುದನ್ನು ಒಮ್ಮೆ ನೋಡಿಕೊಂಡೇ ಹೋಗೋಣವೆಂದು ನಿಂತೆ. ಅದು ಓಡಿತು. ಇತ್ತ ಕೊನೆಯ ಪ್ರೆಸ್ಸಿನವನು ಟೀ ಕುಡಿದು ಬಂದು ಬಟನ್ ಒತ್ತಿದ. ಮುಚ್ಚಿತು. ಅಷ್ಟೇ. ತೆರೆಯಲಿಲ್ಲ.

ನನಗೆ ಅಳು ಬರುವುದೊಂದು ಬಾಕಿ. ಅಲ್ಲಿ ಬೀಗಿತ್ತಿ ಬಟ್ಟಲು ಹಿಡಿದಿದ್ದಾರೆ, ಇಲ್ಲಿ ರೋಗ ಒಂದು ಪ್ರೆಸ್ಸಿನಿಂದ ಇನ್ನೊಂದಕ್ಕೆ ಹಬ್ಬುತ್ತಿದೆ. ಪ್ಯಾನೆಲ್ ಬಾಗಿಲನ್ನು ಎಳೆದೆ. ಆಯುಧಪೂಜೆ ಆಗಷ್ಟೇ ಮುಗಿದಿತ್ತು. ಪ್ರತಿ ಬೋರ್ಡಿನ ಮೊದಲನೆಯ ರಿಲೇಯ ನೆತ್ತಿಗೆ ಕುಂಕುಮದ ಬೊಟ್ಟು ಇಡುವುದು ನಮ್ಮಲ್ಲಿ ರೂಢಿ, ಆ ಒಂದಕ್ಕೆ ಮಾತ್ರ. ಈ ಬೋರ್ಡಿನಲ್ಲಿ ಮೊದಲನೆಯದಕ್ಕೆ ಬೊಟ್ಟಿತ್ತು. ಪ್ರೆಸ್ಸು ತೆರೆಸುವ ರಿಲೇ ಒಂದೊಂದು ಬೋರ್ಡಿನಲ್ಲಿ ಒಂದೊಂದು ಕಡೆ; ಇಲ್ಲಿ ಅದು ನಡುವೆ, ಅದಕ್ಕೂ ಬೊಟ್ಟಿತ್ತು.

“ಇದ್ಯಾವ್ದಯ್ಯ, ಎರಡನೇ ಕುಂಕುಮ?”

“ಆ ಪಕ್ಕದ ಪ್ರೆಸ್ಸಿಂದ ಕಿತ್ತಿದ್ದು.”

“ಅದಕ್ಕೆ ಎಲ್ಲಿಂದ ಬಂತು?”

“ಬಾಗಿಲ ಹತ್ರದ ಪ್ರೆಸ್ಸಿಂದು. ನೀವೇ ತಾನೇ ನನ್ ಕೈಗೆ ಕೊಟ್ರಿ?”

“ಕೆಟ್ಟಿದ್ದು ಅಂತ ಕೊಟ್ಟೆ ಕಣಯ್ಯಾ!”

“ಸದ್ದು ಬರ್ತಿತ್ತು, ದೀಪ ಉರೀತಿತ್ತು. ಅದೂ ಅಲ್ದೆ ಸಾಕೆಟ್ಟು ಖಾಲಿ ಬಿಟ್ರೆ ಹಲ್ಲು ಹೋದ ಬಾಯಿ ಥರ ಕಾಣಲ್ವಾ? ಮ್ಯಾನೇಜರ್ ಬಂದು ಕೇಳ್ತಾರೆ.”

ಅವನು ಹೇಳಿದ್ದು ನಿಜ. ಖಾಲಿ ಸಾಕೆಟ್ಟು ಕಂಡರೆ ನಮ್ಮ ಮ್ಯಾನೇಜರು ಅರ್ಧ ದಿನ ವಿಚಾರಣೆ ಮಾಡುತ್ತಿದ್ದರು. ಅದಕ್ಕಾಗಿ ನಾವೆಲ್ಲ ಕಿತ್ತ ಜಾಗದಲ್ಲಿ ಏನಾದರೊಂದನ್ನು ಚುಚ್ಚಿಡುತ್ತಿದ್ದೆವು. ಎಷ್ಟು ಹಟ ಮಾಡಿ ತರಿಸಿಕೊಂಡ ಸಾಕೆಟ್ಟುಗಳು! ಸುಲಭವಾಗಿ ಕೀಳಬಹುದು ಎಂದು ಆರಿಸಿದೆವು, ಸುಲಭವಾಗಿ ಕಿತ್ತು ಕೆಟ್ಟದ್ದನ್ನು ಕಾರ್ಖಾನೆಯೆಲ್ಲ ಮೆರವಣಿಗೆ ಮಾಡಿಸುತ್ತಿದ್ದೆವು. ಇನ್ನೂ ಎಂಥೆಂಥ ರಿಲೇಗಳು ಎಲ್ಲೆಲ್ಲಿ ಕುಳಿತಿವೆಯೋ!

ಆ ರಿಲೇಯನ್ನು ಕಿತ್ತು, ಇನ್ನೆಲ್ಲೂ ಕೂರಬಾರದೆಂದು ಇಕ್ಕಳದಿಂದ ಅದರ ಕಾಲುಗಳನ್ನು ಮುರಿದುಹಾಕಿದೆ. ವಾಲ್ವನ್ನು ಕೈಯಿಂದಲೇ ಒತ್ತಿ ಪ್ರೆಸ್ಸು ತೆರೆಸಿದೆವು. ಸೂಪರ್‌ವೈಸರು ಬೆಂದ ರಬ್ಬರನ್ನು ನೋಡಿ, ನನ್ನ ಮುಖ ನೋಡಿ, “ಇದು ನಾಳೆಗಿರ್ಲಿ, ಹೋಗಿ” ಎಂದರು. ಹಿಂದಿನಿಂದ ಜೊತೆಗಾರ ಕೂಗಿದ:

“ಅಣ್ಣೇ, ಸಾಕೆಟ್ಟು ಖಾಲಿ ಇದ್ಯಲ್ಲಾ?”

“ಅದ್ರೊಳಗೆ ನೀನೇ ಹೋಗಿ ಕೂತ್ಕೊ!”

ಬಸ್ಸು ಒಂದೊಂದು ಸ್ಟಾಪಿನಲ್ಲೂ ನನ್ನನ್ನು ಪರೀಕ್ಷೆ ಮಾಡಿತು. ಪೋರೂರಲ್ಲಿ ಇಳಿಯುವಾಗ ಸಂಜೆ ಬಿಸಿಲು ಇಳಿದಿತ್ತು. ಎಣ್ಣೆಯಂಗಿಯಲ್ಲೇ ಮೆಟ್ಟಿಲು ಹತ್ತಿದರೆ ಬಾಗಿಲ ಹೊರಗೆ ಬೆಂಚಿನ ಆ ತುದಿಯಲ್ಲಿ ಬೀಗಿತ್ತಿ, ಈ ತುದಿಯಲ್ಲಿ ನನ್ನ ಹೆಂಡತಿ. ಇಬ್ಬರ ಮುಖವೂ ಊದಿತ್ತು. ನಡುವೆ ಬೆಳ್ಳಿ ಬಟ್ಟಲು ಬೋರಲು ಬಿದ್ದಿತ್ತು.

“ಇಟ್ಬಿಟ್ರಾ?” ಎಂದೆ.

“ನಾನೂ ಇಟ್ಟಿಲ್ಲ, ನೀವೂ ಇಡೋಹಾಗಿಲ್ಲ” ಎಂದರು ಬೀಗಿತ್ತಿ. “ನರ್ಸಮ್ಮ ಬಂದು ನೀರೆಲ್ಲ ಚೆಲ್ಬಿಟ್ಲು.”

ಒಳಗೆ ಮಗಳು ಮಲಗಿದ್ದಳು. “ಸಾರೀಪ್ಪಾ. ನೀನು ಬರೋವರೆಗೂ ಯಾರೂ ಏನೂ ಕೊಡ್ಬಾರ್ದು ಅಂತ ಸಿಸ್ಟರ್ ಹತ್ರ ಸೊಲ್ಲಿದೆ. ಅವ್ರು, ಅಮ್ಮನ ಹಾಲು ಬಿಟ್ಟು ಯಾರೂ ಏನೂ ಕೊಡ್ಲೇಬಾರ್ದು ಅಂತ ಎಲ್ರಿಗೂ ಬೈದ್ಬಿಟ್ರು.”

ಅಷ್ಟು ಓಡಿದ್ದು, ಬೈದದ್ದು, ಎಣ್ಣೆ ಮೆತ್ತಿಕೊಂಡದ್ದು, ಎಲ್ಲವೂ ಇದಕ್ಕೆ! ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊಣಕೈವರೆಗೆ ಕೈ ತೊಳೆದು ಬರಲು ಕಳಿಸಿದಳು. ಸೋಪು ಹಾಕಿ ಉಜ್ಜಿದೆ, ಅವಳು ನೋಡಿ ಮತ್ತೊಮ್ಮೆ ಕಳಿಸಿದಳು. ಕೊನೆಗೆ ಬಟ್ಟೆಯ ಗಂಟೊಂದನ್ನು ತಂದು ನನ್ನ ತೋಳಿನಲ್ಲಿಟ್ಟಳು.

ಮಗು ಕಣ್ಣು ಬಿಡಲಿಲ್ಲ, ಬಾಯಿ ಬಿಟ್ಟಿತು. ಮುಖ ಬೀಟ್‌ರೂಟಿನಂತೆ ಕೆಂಪಾಯಿತು. ಮುಷ್ಟಿ ಬಿಗಿದು, ಕಾಲು ಒದ್ದು, ಯಾರೋ ತನಗೆ ಭಾರೀ ಮೋಸ ಮಾಡಿದ್ದಾರೆ ಎಂಬಂತೆ ಕಿರುಚಿತು. ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೀಗಿತ್ತಿ ಮೊದಲು ನನ್ನನ್ನು ನೋಡಿದರು, ಆಮೇಲೆ ಮಗುವನ್ನು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಸೋಕಿಸೋದೇ ಬೇಕಾಗ್ಲಿಲ್ಲ ಬೀಗ್ರೇ. ನಿಮ್ ಗುಣ ಆಗ್ಲೇ ಬಂದ್ಬಿಟ್ಟಿದೆ.”

ನಾನು ನಕ್ಕ ರಭಸಕ್ಕೆ ಮಗು ಇನ್ನೂ ಜೋರಾಗಿ ಕಿರುಚಿತು. “ರೀ, ತಲೆ ಸರಿಯಾಗಿ ಹಿಡೀರಿ” ಎಂದು ನನ್ನ ಹೆಂಡತಿ ಗದರಿದಳು. ಹಿಡಿದೆ. ಬೈಯಮ್ಮಾ, ಎಲ್ಲರನ್ನೂ ಚೆನ್ನಾಗಿ ಬೈಯಿ, ನಾನಿದ್ದೇನೆ ಎಂದು ಅದರ ಕಿವಿಯಲ್ಲಿ ಹೇಳಿದೆ.