ನಾಯಿ ಇದ್ದವರಿಗೆ ಮಾತ್ರ

ಮಾನಮ್ಮನಿಗೆ ವಯಸ್ಸಾಗಿತ್ತು, ಅವಳ ನಾಲಿಗೆಗೆ ಆಗಿರಲಿಲ್ಲ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ರಾಯಚೂರಿಗೆ ಸೊಸೆಯಾಗಿ ಬಂದು, ಅಕ್ಕಿ ಗಿರಣಿಯಲ್ಲಿ ತೌಡು ತುಂಬಿ ತುಂಬಿಯೇ ಮಗ ಗೌತಮನನ್ನು ಮಾನ್ವಿಯಲ್ಲಿ ಕಾಲೇಜು ಮೇಷ್ಟ್ರನ್ನಾಗಿ ಮಾಡಿದವಳು. ಗಂಡ ಪಕೀರಪ್ಪ ಸಸಿತೋಟದಲ್ಲಿ ದಿನಗೂಲಿಗಿದ್ದ. ಊರ ಹೊರಗಿನ ಸರ್ಕಾರಿ ಬಯಲಿನಲ್ಲಿ ಅವನು ನೆಟ್ಟ ಸಸಿಗಳಲ್ಲಿ ಬಿಸಿಲಿಗೆ ಸತ್ತವು ಕೆಲವು, ಆಡಿನ ಬಾಯಿಗೆ ಬಿದ್ದವು ಕೆಲವು. ಒಂದು ಹೊಂಗೆಯನ್ನಂತೂ ಗಂಡಹೆಂಡತಿ ಕೊಡದಲ್ಲಿ ನೀರು ಹೊತ್ತು ಬದುಕಿಸಿದ್ದರು.

ಪಕೀರಪ್ಪ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ, ಅವನು ಹೋದ ದಿನ, ಮಾನಮ್ಮ ಆ ಮರದ ಕೆಳಗೆ ಕೂತು ಅವನಿಗೆ ಇಷ್ಟವಾದ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದು ಬರುವಳು. ಎಡೆ ಇಡುವುದು, ಕಾಗೆ ಕರೆಯುವುದನ್ನೆಲ್ಲ ಅವರು ಬುದ್ಧವಿಹಾರಕ್ಕೆ ಹೋಗತೊಡಗಿದಾಗಲೇ ಬಿಟ್ಟಿದ್ದರು. "ಸತ್ತವರ ಪಾಲು ಕಾಗಿಗ್ಯಾಕ? ನಾನೇ ತಿಂತೀನಿ" ಅನ್ನುವಳು. ಅವಳ ಪೂಜೆ, ತಿಥಿ, ಎಲ್ಲ ಅದೇ.

ಈ ವರ್ಷ ಹೋದರೆ ಆ ಜಾಗಕ್ಕೆ ತಂತಿ ಬೇಲಿ ಬಿದ್ದಿತ್ತು. ಊರಿನ ನಾಯಿಪ್ರಿಯರ ಸಂಘವೊಂದು ನಾಯಿಗಳನ್ನು ಬಿಟ್ಟು ಓಡಾಡಿಸಲು ಪಾರ್ಕು ಮಾಡಿಕೊಂಡಿತ್ತು. ಗೇಟಿನ ಮೇಲೆ ಬೋರ್ಡು: 'ನಾಯಿ ಇದ್ದವರಿಗೆ ಮಾತ್ರ ಪ್ರವೇಶ.' ಕಾವಲಿನ ಕೊಟ್ರೇಶ ಕೈ ಅಡ್ಡ ಹಿಡಿದ.

"ಯವ್ವಾ, ನಾಯಿ ಎಲ್ಲದ?"

"ನನಗ್ಯಾಕೋ ನಾಯಿ? ನನ್ನ ಗಂಡ ಹಚ್ಚಿದ ಗಿಡದ ಬುಡಕ ಕುಂದ್ರಾಕ ಬಂದೀನಿ."

"ಬರೇ ಮನಷ್ಯಾರನ್ನ ಬಿಡೂ ಹಂಗಿಲ್ಲಬೇ. ನಾಯಿ ಜತಿಗೆ ಬಂದ್ರ ಬಿಡ್ತೀವಿ."

ಮಾನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹುಟ್ಟಿದ ಊರಿನಲ್ಲಿ ದೊಡ್ಡವರ ಪಡಸಾಲೆಯಲ್ಲಿ ನಾಯಿ ಕಾಲು ಚಾಚಿ ಮಲಗಿರುತ್ತಿತ್ತು, ಅವಳ ಅವ್ವ ಅಂಗಳದಾಚೆ ಸೆರಗೊಡ್ಡಿ ನಿಂತಿರುತ್ತಿದ್ದಳು. ಅವ್ವ ಒಂದು ಮಾತೂ ಆಡಲಿಲ್ಲವಲ್ಲ ಎಂಬ ಸಿಟ್ಟು ಮಾನಮ್ಮನಿಗೆ ಇನ್ನೂ ಆರಿಲ್ಲ. ನಾಯಿಯೇ ಬೇಕೇನು? ತರೋಣ. ಓಣಿಗೆ ಮರಳಿ, ಚರಂಡಿ ಪಕ್ಕ ಮಲಗಿದ್ದ ಕಂದು ನಾಯಿಗೆ ರೊಟ್ಟಿ ಚೂರು ತೋರಿಸಿ, ಹಳೆ ಸೀರೆಯ ಅಂಚು ಕುತ್ತಿಗೆಗೆ ಕಟ್ಟಿ, ಆಟೋ ಹತ್ತಿಸಿ ತಂದೇಬಿಟ್ಟಳು.

"ಹೆಸರೇನ್ಬೇ ಇದರದು?" ಕೊಟ್ರೇಶ ಕೇಳಿದ.

"ಇನ್ನೂ ಇಟ್ಟಿಲ್ಲಪ್ಪ. ನಿಂದೇ ಇಡ್ಲೇನು?"

ಅವನು ಗೇಟು ತೆಗೆದ.

ಒಳಗಿನ ಸಂಪತ್ತು ಏನೆಂದು ಹೇಳುವುದು! ಕಲ್ಲು ಸಿಡಿಯುವ ರಾಯಚೂರಿನ ಬಿಸಿಲಿಗೆ ಹಿಮದ ನಾಡಿನ ನಾಯಿ ತಂದು, ಅದು ಮೊಳದುದ್ದ ನಾಲಿಗೆ ಚಾಚಿ ತೇಕುತ್ತಿದ್ದರೆ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಇನ್ನೊಂದಕ್ಕೆ ಕಾಲಿಗೆ ಬೂಟು. ಹಮಾಲರನ್ನು 'ಲೇ' ಎಂದಲ್ಲದೆ ಕರೆದರಿಯದ ಒಬ್ಬ ಸಾಹುಕಾರ ತನ್ನ ನಾಯಿಗೆ "ಬರ್ರಿ, ಬರ್ರಿ ರಾಜಾ" ಎನ್ನುತ್ತಿದ್ದ. ಉಳ್ಳವರ ಹುಚ್ಚಿಗೆ ಮದ್ದಿಲ್ಲ ಎಂದುಕೊಂಡು ಮಾನಮ್ಮ ತನ್ನ ನಾಯಿಯ ಕಟ್ಟು ಬಿಚ್ಚಿದಳು. ಅದು ಆ ಕಡೆ ಈ ಕಡೆ ನೋಡಿತು, ಬೇಲಿಯ ಅಡಿಯ ಸಂದಿಯಲ್ಲಿ ನುಸುಳಿತು, ರಸ್ತೆ ಹಿಡಿದು ಓಡಿತು. ಅದಕ್ಕಿರುವಷ್ಟು ಬುದ್ಧಿ ಇಲ್ಲಿ ಇನ್ಯಾರಿಗೂ ಇರಲಿಲ್ಲ.

ಕೊಟ್ರೇಶ ಓಡಿ ಬಂದ. "ನಾಯಿ ಹೋತಲ್ಲಬೇ. ನಡಿ ಹೊರಗ."

ಮರ ಇನ್ನೂ ಹತ್ತು ಮಾರು ದೂರದಲ್ಲಿತ್ತು. ಮಾನಮ್ಮ ಅದರತ್ತಲೇ ಕಣ್ಣಿಟ್ಟು ನಿಂತಳು. ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಸುನಂದಾ, ಮಾನಮ್ಮ ದುಡಿದ ಅಕ್ಕಿ ಗಿರಣಿಯ ಮಾಲೀಕರ ಹೆಂಡತಿ, ಬಿಳಿ ನಾಯಿಯ ಹಿಂದೆ ಬಂದರು.

"ಪಾಪ, ಇರಲಿ ಬಿಡೋ. ನನ್ನ ನಾಯಿ ಆಕಿ ಕೈಯಾಗ ಕೊಡ್ತೀನಿ. ನಾಯಿ ಜತಿಗೆ ಇದ್ದಂಗ ಆತಲ್ಲ?"

ಮಾನಮ್ಮನ ಎದೆ ತಣ್ಣಗಾಯಿತು. ನಿಮ್ಮ ಹೊಟ್ಟೆ ತಣ್ಣಗಿರಲಿ ಎನ್ನಲು ಬಾಯಿ ತೆರೆದಳು. ಸುನಂದಾ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಅವಳ ಕೈಗಿಟ್ಟು ಹೊಂಗೆಮರ ತೋರಿಸಿದರು.

"ಅದರ ಬುಡಕ ಹೊಲಸು ಮಾಡ್ಯದ. ಒಂದೀಟು ಎತ್ತಿ ಹಾಕಿಬಿಡಬೇ. ನಿಮ್ಮಂಥಾರಿಗೆ ಇದೆಲ್ಲ ರೂಢಿ ಇರ್ತದ."

ಎದೆಗೆ ಬಂದ ತಂಪು ಅಲ್ಲೇ ಸುಟ್ಟುಹೋಯಿತು. ಮಾನಮ್ಮ ಕವರನ್ನು ಮರಳಿ ಸುನಂದಾರ ಕೈಯಲ್ಲೇ ಇಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ನಮ್ಮವ್ವಗ ಇತ್ರಿ ರೂಢಿ. ನನಗಿಲ್ಲ. ನನ್ನ ಗಂಡ ಹಚ್ಚಿದ ಗಿಡ ಅದು. ನೀವು ಎತ್ತೂತನಕ ನಾನು ಇಲ್ಲಿಂದ ಅಲ್ಲಾಡಂಗಿಲ್ಲ."

ಸುನಂದಾ ಕೊಟ್ರೇಶನತ್ತ ನೋಡಿದರು. ಅವನು ಆಕಾಶ ನೋಡಿದ. ಸೆಲ್ಫಿಯವರೆಲ್ಲ ಫೋನು ಇತ್ತ ತಿರುಗಿಸಿ ನಿಂತಿದ್ದರು. ಕವರಿನಲ್ಲಿ ಕೈ ಹೇಗೆ ಹಾಕುವುದೆಂದು ತಿಳಿಯದೆ ತಿರುಗಿಸಿ ಮುರುಗಿಸಿ, ಮೂಗಿಗೆ ಸೆರಗು ಒತ್ತಿಕೊಂಡು, ಗಿರಣಿ ಮಾಲೀಕರ ಹೆಂಡತಿ ಕೊನೆಗೆ ಮರದ ಬುಡದಲ್ಲಿ ಬಗ್ಗಿದರು.

ಮಾನಮ್ಮ ಪಕ್ಕಕ್ಕೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಆ ಬೇರಿನ ಸಂದ್ಯಾಗ ಇನ್ನೊಂದೀಟು ಉಳದದ ನೋಡ್ರಿ ಅಕ್ಕಾರ."