ಎಕರೆಯೋ, ಅಡಿಯೋ, ರೂಪಾಯಿಯೋ

ಅಪ್ಪ ನನಗೆ ಲೆಕ್ಕ ಕಲಿಸಲು ಹೊರಟದ್ದು ಒಂದು ಬೇಸಿಗೆಯಲ್ಲಿ. ಅಥವಾ ಅದು ಬೇಸಿಗೆಯೇ ಅಲ್ಲವೇನೋ. ಹುಣಸೆಹಣ್ಣು ಜಜ್ಜುವ ಸದ್ದು ಕಿವಿಯಲ್ಲಿದೆ, ಅದಕ್ಕೇ ಬೇಸಿಗೆ ಅನ್ನುತ್ತೇನೆ. ಆದರೆ ಅದೇ ಚಿತ್ರದಲ್ಲಿ ಬೀದಿ ತುಂಬ ಹೊಸ ಈರುಳ್ಳಿಯ ಘಾಟೂ ಇದೆ. ಅಜ್ಜಂಪುರದಲ್ಲಿ ಇವೆರಡೂ ಒಟ್ಟಿಗೆ ಬರುವುದಿಲ್ಲ. ಯಾವುದೋ ಎರಡು ತಿಂಗಳನ್ನು ನಾನೇ ಒಂದು ಮಾಡಿಕೊಂಡಿರಬೇಕು. ಎಂಬತ್ತರ ಆಸುಪಾಸು ಎಂದಷ್ಟೇ ಹೇಳಬಲ್ಲೆ. ಆ ಕಾಲಕ್ಕೆ ಊರಿನ ಮಕ್ಕಳ ದಿನ ಶಾಲೆಯ ಗಂಟೆಯಿಂದ ಶುರುವಾಗುತ್ತಿತ್ತು. ನನ್ನದು ಮಾತ್ರ ಅಪ್ಪ ಕಬ್ಬಿಣದ ಅಂಗಡಿ ಮುಚ್ಚಿ ಮಧ್ಯಾಹ್ನದ ಊಟಕ್ಕೆ ಬಂದಾಗ.

ನಾಲ್ಕನೇ ಕ್ಲಾಸು ಮುಗಿಯುವ ಹೊತ್ತಿಗೆ ನನ್ನ ಸೊಂಟದ ಕೀಲಿಗೆ ಕ್ಷಯ ತಗುಲಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಬಿಚ್ಚುವುದು, ಮತ್ತೆ ಹಾಕುವುದು, ಇದರಲ್ಲೇ ವರ್ಷಗಳು ಹೋದವು. ಒಂದು ಕಾಲು ಗಿಡ್ಡವಾಗಿ ಉಳಿಯಿತು. ಕಿಟಕಿಯಾಚೆ ನನ್ನ ಜೊತೆಯವರು ಕುಂಟಾಬಿಲ್ಲೆ ಆಡುತ್ತಿದ್ದರು. ಸೋತವಳನ್ನು "ಕುಂಟಿ, ಕುಂಟಿ" ಎಂದು ರೇಗಿಸಿ, ನಾನಿರುವುದು ನೆನಪಾಗಿ ಥಟ್ಟನೆ ಸುಮ್ಮನಾಗುತ್ತಿದ್ದರು.

ಅಪ್ಪನ ಅಕ್ಕ, ನನ್ನ ಅತ್ತೆ, ಬಂದಾಗಲೆಲ್ಲ ಒಂದೇ ಮಾತು. "ಇನ್ನೆಂಥ ಸ್ಕೂಲೋ? ಕೂತ್ಕಂಡು ಹೂಬತ್ತಿ ಹೊಸೀಲಿ ಬಿಡು. ಮಠಕ್ಕಾದ್ರೂ ಆಗ್ತವೆ."

"ಹೊಸ್ಯಾಕೆ ನೀನಿದೀಯಲ್ಲಕ್ಕ. ಇವಳು ಹೈಸ್ಕೂಲಿಗೆ ಹೋಗ್ತಾಳೆ" ಎಂದಿದ್ದರು ಅಪ್ಪ.

ಹೇಳಿದಂತೆ ಹೈಸ್ಕೂಲಿನ ಹೆಡ್‌ಮಾಸ್ತರನ್ನು ಕಂಡೂ ಬಂದರು. ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಶುರುವಾಗುತ್ತದೆ, ಅದಕ್ಕೆ ಮೊದಲಿನ ಲೆಕ್ಕವೆಲ್ಲ ಬಂದರೆ ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ಸೇರಿಸಿಕೊಳ್ಳೋಣ ಎಂದಿದ್ದರಂತೆ.

"ಅದ್ಯಾವ ಬೀಜನ್ರೀ?" ಎಂದಳು ಅವ್ವ.

"ನಂಗೇನ್ ಗೊತ್ತೇ? ಹೊಲ ಹದ ಮಾಡ್ಕಂಡಿರಿ ಅಂದವ್ರೆ. ಮಾಡಾಣ."

ಆಮೇಲಿನ ಕೆಲವು ವಾರ ಅಪ್ಪ ಪುಸ್ತಕ ಹುಡುಕಿದರು. ತಮ್ಮದೇ ಬಾಲ್ಯದ ಹಳೆಯ ಪುಸ್ತಕ ಅಟ್ಟದಿಂದ ಇಳಿಯಿತು. ಅದರ ತುಂಬ ಕಾಲು, ಅರೆ, ಮುಕ್ಕಾಲಿನ ಮಗ್ಗಿ, ನುಸಿಗುಳಿಗೆಯ ವಾಸನೆ. ತರೀಕೆರೆಯ ಚಿಕ್ಕಮ್ಮನ ಮಗ ಓದಿ ಬಿಟ್ಟ ಸರ್ಕಾರಿ ಪುಸ್ತಕ ಬಂತು. ಅದರ ಮೊದಲ ಪಾಠವೇ ಗಣಗಳು. "ಲೆಕ್ಕದಾಗೂ ಶಿವಗಣ ಬಂದ್ರಾ?" ಎಂದು ಅವ್ವ ಕೈಮುಗಿದದ್ದು ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಕಡೂರಿನ ಸ್ನೇಹಿತರೊಬ್ಬರ ಮನೆಯಿಂದ ಬಣ್ಣದ ಚಿತ್ರಗಳಿದ್ದ ಇಂಗ್ಲಿಷ್ ಪುಸ್ತಕವೊಂದನ್ನೂ ತಂದರು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಪ್ಪನಿಗೂ ಅಷ್ಟಕ್ಕಷ್ಟೆ. "ಅಂಕಿಗ್ಯಾವ ಭಾಷೆ? ಅಂಕಿ ಅಂಕೀನೇ" ಅಂದರು.

ಮೂರನ್ನೂ ನನ್ನ ಮಂಚದ ಮೇಲೆ ಹರಡಿಕೊಂಡು, ಬಿತ್ತನೆಗೆ ಕಾಳು ಆರಿಸುವವರ ಹಾಗೆ ಕೂರುತ್ತಿದ್ದರು. ಹಳೆಯದರಲ್ಲಿ ಬಾಯಿಪಾಠ ಚೆನ್ನಾಗಿತ್ತು. ಸರ್ಕಾರಿ ಪುಸ್ತಕದಲ್ಲಿ ಕ್ರಮ ಇತ್ತು, ಆದರೆ ಉದಾಹರಣೆ ಕಡಿಮೆ. "ಮೂರೂ ಸೇರ್ಸಿದ್ರೆ ಯಾವ ಮೇಷ್ಟ್ರ ಹತ್ರಾನೂ ಇಲ್ದಿರೋ ಪುಸ್ತಕ ಆಗ್ತೈತೆ ನೋಡು" ಎಂದು ಬ್ಲೇಡಿನಲ್ಲಿ ಹಾಳೆ ಕೊಯ್ದು, ಬೇಕಾದ್ದನ್ನು ಒಂದರ ಮೇಲೊಂದು ಇಟ್ಟು, ದಬ್ಬಳದಿಂದ ಗೋಣಿಚೀಲದಂತೆ ಹೊಲಿದರು. ಒಂದೇ ಪಾಠ ಎರಡು ಕಡೆ ಇದ್ದರೆ ಒಂದನ್ನು ಕಿತ್ತುಹಾಕಿದರು.

ದಶಮಾಂಶದ ಪಾಠ ಬಂದಾಗ ಒಂದು ಗಳಿಗೆ ನೋಡಿದರು. ಅಂಕಿ, ಚುಕ್ಕಿ, ಮತ್ತೆ ಅಂಕಿ.

"ಇದು ಅಣ್ಣನ ಎಕ್ರೆ-ಗುಂಟೆ ಅಲ್ವಾ? ಅವನೇ ಹೇಳ್ಕೊಡ್ತಾನೆ ಬಿಡು" ಎಂದು ಆ ಹಾಳೆಗಳನ್ನು ಪಕ್ಕಕ್ಕಿಟ್ಟರು. ಅವ್ವ ಅವುಗಳಲ್ಲಿ ಮೆಣಸಿನಪುಡಿ ಕಟ್ಟಿಟ್ಟಳು.

ಅಣ್ಣ ಅಂದರೆ ಪಂಚನಹಳ್ಳಿಯ ದೊಡ್ಡಪ್ಪ. ಸುತ್ತಲಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಅವರನ್ನೇ ಕರೆಯುತ್ತಿದ್ದರು. ಸಂತೆಗೆ ಬಂದಾಗ ನನ್ನ ಹಾಸಿಗೆಯ ಮೇಲೆ ಅವರೆಕಾಳು ಸುರಿದು ಪಾಠ ಮಾಡುತ್ತಿದ್ದರು. "ಚುಕ್ಕಿ ಅಂದ್ರೆ ಬದು ಕಣವ್ವಾ. ಈ ಕಡೆ ಎಕ್ರೆ, ಆ ಕಡೆ ಗುಂಟೆ. ನಲವತ್ತು ಗುಂಟೆ ತುಂಬ್ತು ಅಂದ್ರೆ ಬದು ದಾಟ್ಸು. ಒಂದೆಕ್ರೆ ಮೂವತ್ತು ಗುಂಟೆಗೆ ಇನ್ನೊಂದ್ ಅಷ್ಟೇ ಸೇರ್ಸು, ಎಷ್ಟಾಯ್ತು?"

"ಮೂರೆಕ್ರೆ ಇಪ್ಪತ್ತು ಗುಂಟೆ."

"ಲೇ ತಮ್ಮಾ, ಇವಳು ನಿಂಗಿಂತ ಚುರುಕಿದಾಳಲ್ಲೋ!"

ಅಪ್ಪ ಅಂಗಡಿಯ ಟೇಪು ತಂದು ಅಡಿ-ಅಂಗುಲವನ್ನೂ ಚುಕ್ಕಿ ಇಟ್ಟೇ ಬರೆಸಿದರು. ಅಲ್ಲಿ ಹನ್ನೆರಡಕ್ಕೆ ತುಂಬುತ್ತಿತ್ತು. ರೂಪಾಯಿ ಪೈಸೆಯಲ್ಲಿ ನೂರಕ್ಕೆ. ನನಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಚುಕ್ಕಿ ಕಂಡರೆ ಅದು ಯಾವುದರದ್ದು ಎಂದು ಮೊದಲು ಕೇಳಬೇಕು, ಆಮೇಲೆ ಕೂಡಬೇಕು. ಬೇರೆ ಮಕ್ಕಳೂ ಹಾಗೇ ಕಲಿಯುತ್ತಿದ್ದಾರೆ ಎಂದುಕೊಂಡಿದ್ದೆ. ಕೇಳಿ ನೋಡಲು ಪಕ್ಕದಲ್ಲಿ ಇನ್ನೊಂದು ಮಗು ಕೂತಿರಲಿಲ್ಲ.

ಪರೀಕ್ಷೆಯ ದಿನ ಅಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದರು. ಹೆಡ್‌ಮಾಸ್ತರು ಕೆಟ್ಟವರಾಗಿರಲಿಲ್ಲ. ಏಳರ ಮುಕ್ಕಾಲು ಎಷ್ಟು ಎಂದರು, ಅವರು ಬಾಯಿ ಮುಚ್ಚುವ ಮೊದಲೇ ಐದೂಕಾಲು ಎಂದೆ. ಭಿನ್ನರಾಶಿಗಳೆಲ್ಲ ಸರಿಯಾದವು. "ಭೇಷ್" ಎಂದು ಬಾಗಿಲಲ್ಲಿ ನಿಂತಿದ್ದ ಅಪ್ಪನತ್ತ ನೋಡಿದರು. ಆಮೇಲೆ ಹಾಳೆಯ ಮೇಲೆ 1.30, ಅದರ ಕೆಳಗೆ ಇನ್ನೊಂದು 1.30 ಬರೆದು ಕೂಡು ಎಂದರು.

"ಸಾರ್, ಇದು ಎಕ್ರೆನಾ, ಅಡಿನಾ, ರೂಪಾಯಿನಾ?"

"ಏನೂ ಅಲ್ಲಮ್ಮ. ಬರೀ ಲೆಕ್ಕ."

"ಹಂಗಾದ್ರೆ ಎಷ್ಟಕ್ಕೆ ತುಂಬುತ್ತೆ ಸಾರ್?"

ಅವರು ಏನು ಮಾಡಿದರು ಎಂಬುದು ನನ್ನ ನೆನಪಿನಲ್ಲಿ ವರ್ಷ ವರ್ಷಕ್ಕೆ ಬದಲಾಗಿದೆ. ಕೆಲವು ಸಲ ನಗುತ್ತಾರೆ, ಕೆಲವು ಸಲ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಉತ್ತರ ಮಾತ್ರ ಕೊಡಲಿಲ್ಲ. ಯಾರಿಗೂ ಸೇರದ ಅಂಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೊಡ್ಡಪ್ಪನನ್ನು ನೆನೆದು ಎಕರೆ ಎಂದುಕೊಂಡೆ. 3.20 ಎಂದು ಬರೆದೆ. ಮುಂದಿನ ಚುಕ್ಕಿಯ ಲೆಕ್ಕಗಳಿಗೂ ಒಂದೊಂದಕ್ಕೆ ಒಬ್ಬ ಒಡೆಯನನ್ನು ಹುಡುಕಿ ಕೊಟ್ಟೆ.

ನನ್ನನ್ನು ಹೊರಗೆ ಕೂರಿಸಿದರು. ಒಳಗಿನ ಮಾತು ನನಗೆ ಹೀಗೆ ಕೇಳಿಸಿತು:

"ಬುನಾದಿ ಇಲ್ಲ ಕಣ್ರೀ. ಮುಂದಿನ ವರ್ಷ ನೋಡಾಣ."

"ಸಾರ್, ಬಾಯಲ್ಲಿ ಏನ್ ಕೇಳಿದ್ರೂ ಹೇಳ್ತಾಳೆ ಸಾರ್. ಇನ್ನೊಂದ್ಸಲ ಕೇಳಿ."

"ಎಂಟನೇ ಕ್ಲಾಸು ಮೇಲ್ಗಡೆ ಬೇರೆ ಐತೆ. ಮೆಟ್ಲು."

ಆದರೆ ಬಾಗಿಲು ಮುಚ್ಚಿತ್ತು, ಅಂಗಳದಲ್ಲಿ ಮಕ್ಕಳ ಗಲಾಟೆ ಇತ್ತು. ಇಷ್ಟು ಸ್ಪಷ್ಟವಾಗಿ ಕೇಳಿಸಿರಲು ಸಾಧ್ಯವಿಲ್ಲ. ಆ ಕಟ್ಟಡಕ್ಕೆ ಮಹಡಿ ಇತ್ತೇ ಎಂಬುದೂ ಈಗ ನನಗೆ ಖಾತ್ರಿಯಿಲ್ಲ.

ವಾಪಸು ಬರುವಾಗ ಅಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ಬಜ್ಜಿ ಬಿಸಿಯಾಗಿತ್ತು. "ಅಪ್ಪಾ, ತಪ್ಪಾಯ್ತಾ?" ಎಂದೆ.

"ತಿನ್ನವ್ವ, ಆರೋಗ್ತೈತೆ" ಎಂದರು.

ಮುಂದಿನ ವರ್ಷ ಎಂಬುದು ಬರಲಿಲ್ಲ. ಅಪ್ಪ ಮಧ್ಯಾಹ್ನ ಊಟ ಮಾಡಿ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಅತ್ತೆ ಹತ್ತಿಯ ಗಂಟು ತಂದು ನನ್ನ ಮುಂದೆ ಇಟ್ಟಾಗಲೂ ಅವರು ಗೋಡೆಯಿಂದ ಈಚೆ ತಿರುಗಲಿಲ್ಲ.

ದಶಮಾಂಶ ಹತ್ತಕ್ಕೆ ತುಂಬುತ್ತದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ತಂಗಿಯ ಮಗಳ ಪುಸ್ತಕ ತಿರುವುವಾಗ. ನಾಲ್ಕು ಹಾಳೆಯ ಪಾಠ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಿತ್ತು. ಅದರ ಮುಂದೆ ಅಕ್ಷರಗಳ ಲೆಕ್ಕ, ಆ ಬೀಜಗಣಿತ, ಶುರುವಾಗಿತ್ತು. ಎರಡು ಸಾಲು ನೋಡಿ ಮುಚ್ಚಿಟ್ಟೆ. ಅಪ್ಪ, ದೊಡ್ಡಪ್ಪ ಇಬ್ಬರೂ ಹೋಗಿ ಬಹಳ ಕಾಲವಾಗಿದೆ. ನಾನು ಮೊದಲು ಏನು ಕಲಿಯಬೇಕು, ಆಮೇಲೆ ಏನು ಎಂದು ತಲೆಕೆಡಿಸಿಕೊಳ್ಳುವವರು ಅವರ ನಂತರ ಯಾರೂ ಇರಲಿಲ್ಲ. ಹೆಡ್‌ಮಾಸ್ತರು ಬೇಡವೆಂದದ್ದು ನನ್ನ ಉತ್ತರ ನೋಡಿಯೋ, ಕಾಲು ನೋಡಿಯೋ ನನಗೆ ತಿಳಿಯದು. ಆ ದಶಮಾಂಶದ ಪಾಠ ಪಕ್ಕಕ್ಕಿಟ್ಟದ್ದು ತಪ್ಪಾಯಿತೆಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಅದನ್ನೂ ನಾನು ಕೇಳಲಿಲ್ಲ.