ಅಕ್ಕನ ಪಟ್ಟ ನೋಡಲು ವಿಲೆನ್‌ಹಾಲ್‌ಗೆ

ಆ ಬುಷ್ ಮಾಡಿದ್ದು ನಾನಲ್ಲ ಎಂದು ಅಪ್ಪನಿಗೆ ನಾನು ಹೇಳಲಿಲ್ಲ. ಮಲ್ಪೆ ಬಂದರಿನ ಪಕ್ಕದ ನಮ್ಮ ವರ್ಕ್‌ಶಾಪಿನಲ್ಲಿ, ಅಪ್ಪ ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ಅದನ್ನು ಲೇತಿನಲ್ಲಿ ಕಡೆದವಳು ನನ್ನ ಅಕ್ಕ ಸುಜಾತ. ಮೀನಿನ ಬೋಟಿನ ಪ್ರೊಪೆಲ್ಲರ್ ಶಾಫ್ಟಿಗೆ ಬಳೆಯಂತೆ ತೊಡಿಸುವ ಲೋಹದ ಬುಷ್ ಅದು. ಹೆಣ್ಣುಮಕ್ಕಳು ಲೇತ್ ಮುಟ್ಟುವುದು ಅಪ್ಪನಿಗೆ ಆಗುತ್ತಿರಲಿಲ್ಲ. ಎದ್ದು ಬಂದವರು ಬುಷ್‌ನ ಒಳಗೆ ಬೆರಳಾಡಿಸಿ, "ಇವನಿಗೆ ಕೈ ಬಂತು" ಎಂದರು. ನಾನು ಸುಮ್ಮನಿದ್ದೆ. ಆ ಮಾತಿನ ಮೇಲೆ ವರ್ಕ್‌ಶಾಪ್ ನನ್ನದಾಯಿತು, ಅಕ್ಕನಿಗೆ ಮದುವೆಯಾಯಿತು. ಅಪ್ಪ ಈಗಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇವತ್ತಿಗೂ ಮಾಲೀಕ.

ಅಕ್ಕ ಗಂಡನ ಜೊತೆ ಇಂಗ್ಲೆಂಡಿಗೆ ಹೋಗಿ, ಲೋಹದ ಸಣ್ಣ ಸಣ್ಣ ಭಾಗಗಳನ್ನು ಮಾಡುವ ಒಂದು ಜಪಾನಿ ಕಂಪೆನಿಯಲ್ಲಿ ಮೆಷಿನ್ ಆಪರೇಟರ್ ಆಗಿ ಸೇರಿದಳು. ಹೋದ ವರ್ಷ ಫೋನ್ ಮಾಡಿ, "ತಮ್ಮಾ, ಇಲ್ಲಿಯ ಫ್ಯಾಕ್ಟರಿಗೆ ನನ್ನನ್ನೇ ಹೆಡ್ ಮಾಡ್ತಾರಂತೆ ಮಾರಾಯ! ನೀನು ಬರ್ಲೇಬೇಕು" ಎಂದಳು. ನಾನು ಕುಣಿದಾಡಿದ್ದೊಂದು ಬಾಕಿ. ಈ ಸಲವಾದರೂ ಅವಳ ಮುಖ ನೋಡಿ ತಪ್ಪು ಒಪ್ಪಿಕೊಳ್ಳಬೇಕು ಎಂದುಕೊಂಡು ಪಾಸ್‌ಪೋರ್ಟ್ ಮಾಡಿಸಿದೆ.

ಮಂಗಳೂರಿನಿಂದ ದುಬೈ, ದುಬೈಯಿಂದ ಮ್ಯಾಂಚೆಸ್ಟರ್. ವಿಮಾನ ನನಗೆ ಹೊಸದು. ರೆಕ್ಕೆಯ ಪಕ್ಕದ ಸೀಟು ಸಿಕ್ಕಿದ್ದರಿಂದ ಅದರ ಮೊಳೆಗಳನ್ನು ನೋಡುತ್ತಲೇ ಹೋದೆ. ಮ್ಯಾಂಚೆಸ್ಟರಿನಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ಬೇಕಾಯಿತು. ಅಲ್ಲಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ನವ್ಯಾ ಕರೆದುಕೊಂಡು ಹೋಗಲು ಬಂದಿದ್ದಳು. ಅವಳಿಗೆ ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನನಗೋಸ್ಕರ ಕಷ್ಟಪಟ್ಟು ಕನ್ನಡ ಆಡುತ್ತಿದ್ದಳು.

ಅಲ್ಲಿಯ ಪಿಕಡಿಲಿ ಸ್ಟೇಷನ್ನಿನಿಂದ ಅಕ್ಕನ ಊರು ವುಲ್ವರ್‌ಹ್ಯಾಂಪ್ಟನ್‌ಗೆ ರೈಲಿನಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಸ್ಟೋಕ್ ದಾಟುವಾಗ, ಇದು ಪಿಂಗಾಣಿಯ ಕಪ್ಪು-ಬಸಿ ಮಾಡುವ ಊರು ಎಂದು ತೋರಿಸಿದಳು. ನಾನು ಹಳೇ ಚಿಮಣಿಗಳನ್ನು ಹುಡುಕುತ್ತಿದ್ದಾಗ ಮೆಲ್ಲಗೆ, "ಮಾಮಾ, ಒನ್ ಥಿಂಗ್. ಅಲ್ಲಿ ಹೊಸ ಹೆಡ್ ಆದವರು ತಮ್ಮ ಗುರು ಯಾರು ಅಂತ ಹೇಳ್ಬೇಕು. ದೇರ್ ಕಸ್ಟಮ್. ಅಮ್ಮ ನಿಮ್ಮ ಹೆಸರು ಹೇಳಿದ್ದಾಳೆ" ಎಂದಳು.

"ನನ್ನದಾ? ಎಂತಕ್ಕೆ?"

"ನೀವೇ ಕಲಿಸಿದ್ದಲ್ವಾ? ಜಪಾನಿಂದ ಓಲ್ಡ್ ಚೇರ್ಮನ್ ಬಂದಿದ್ದಾರೆ. ಅವರು ನಿಮಗೆ ಬಗ್ಗಿ ನಮಸ್ಕಾರ ಮಾಡ್ತಾರೆ. ನೀವೂ ಬಗ್ಗಿ. ಅಷ್ಟೇ. ಮಾತಾಡ್ಬೇಡಿ."

ಕಿಟಕಿಯ ಹೊರಗೆ ಕುರಿಗಳು ಓಡಿ ಹಿಂದೆ ಹೋಗುತ್ತಿದ್ದವು. ಸುಮ್ಮನಿದ್ದರೆ ಅಕ್ಕನ ಕೈಕೆಲಸವನ್ನು ಎರಡನೇ ಸಲ ಕದ್ದಂತೆ. ಬಾಯಿ ಬಿಟ್ಟರೆ ಪಟ್ಟವೇರುವ ದಿನವೇ ಅವಳು ಸುಳ್ಳಿಯಾಗುತ್ತಾಳೆ.

ಅಕ್ಕನ ಮನೆಯಲ್ಲಿ ನೀರುದೋಸೆ, ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ. ಇಲ್ಲಿನ ಬಂಗುಡೆಗೆ ಕೊಬ್ಬು ಜಾಸ್ತಿ, ಬಲು ರುಚಿ. ಭಾವ ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದರು. "ಡ್ಯೂಟಿಯ ಪಟ್ಟಿ, ಈ ರೋಟಾ, ನಮ್ಮ ಕೈಯಲ್ಲಿಲ್ಲ ಭಾವ" ಎಂದು ನಕ್ಕು ಹೋದರು. ಗುರುವಿನ ಮಾತು ಎತ್ತಬೇಕೆಂದು ಮೂರು ದೋಸೆ ತಿಂದೆ, ಎತ್ತಲಾಗಲಿಲ್ಲ. ಅಕ್ಕ ಕೈಯಲ್ಲಿ ಸೌಟು ಹಿಡಿದೇ ಮರುದಿನದ ಭಾಷಣ ಬಾಯಿಪಾಠ ಮಾಡುತ್ತಿದ್ದಳು. "ನಗ್ಬೇಡ ಆಯ್ತಾ. ನನಗೆ ಲೇತಿನ ಹೆದರಿಕೆ ಇಲ್ಲ, ಮೈಕಿನದ್ದೇ ಹೆದರಿಕೆ."

ಬೆಳಿಗ್ಗೆ ಅವಳು ಬೇಗ ಹೋದಳು. ನಾನು ಮತ್ತು ನವ್ಯಾ ಡಬಲ್ ಡೆಕ್ಕರ್ ಬಸ್ಸಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂತು ವಿಲೆನ್‌ಹಾಲ್‌ಗೆ ಹೋದೆವು, ಮೂರು ಮೈಲಿಯಷ್ಟೆ. ಅದು ಹಿಂದೆ ಬೀಗಗಳಿಗೆ ಹೆಸರಾದ ಊರು. ಕಂಪೆನಿ ಇರುವುದೂ ಹಳೆಯ ಬೀಗದ ಕಾರ್ಖಾನೆಯ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ. ಬಾಗಿಲಲ್ಲಿ ಟೆರಿ ಎಂಬ ಹಿರಿಯ ಫಿಟ್ಟರ್ ಕೈ ಕುಲುಕಿದ. ನಿನ್ನ ಅಕ್ಕ ಇವತ್ತಿನಿಂದ ನಮ್ಮ 'ಗ್ಯಾಫರ್' ಎಂದ. ಯಜಮಾನನಿಗೆ ಅಲ್ಲಿಯವರು ಹಾಗೆನ್ನುತ್ತಾರಂತೆ. "ಕಸದ ಡಬ್ಬಿಯಲ್ಲೂ ಇಣುಕಿ ನೋಡ್ತಾಳೆ, ನಮ್ಮ ಸ್ಯಾಂಡ್‌ವಿಚ್ ಒಂದು ಬಾಕಿ" ಎಂದು ಅವನು ಹೇಳಿದ್ದನ್ನು ನವ್ಯಾ ನಗುತ್ತಾ ತಿಳಿಸಿದಳು.

ಕಿವಿಗೆ ಪ್ಲಗ್ ಸಿಕ್ಕಿಸಿಕೊಂಡು ಒಳಗೆ ಹೋದೆವು. ಏನು ಹೇಳಲಿ! ಗಾಜಿನ ಪೆಟ್ಟಿಗೆಯಂಥ ಮೆಷಿನ್‌ಗಳ ಸಾಲು. ಒಳಗೆ ಎಣ್ಣೆಯ ಮಳೆ. ಆಚೆಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂಗಳು ಉದುರುತ್ತವೆ. ಒಂದನ್ನು ಅಂಗೈಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅಷ್ಟು ಸಣ್ಣ ಮೈಯ ತುಂಬ ತಿರುಪಿನ ಗೆರೆಗಳಿದ್ದವು! ನಾಲ್ಕು ಇಂಚಿನ ಶಾಫ್ಟ್ ಕಡೆದು ಬೆವರುವ ನಾನು ಕೂಗಿಯೇಬಿಟ್ಟೆ.

ಟೀ ಕೋಣೆಯಲ್ಲಿ ನವ್ಯಾ ಹೇಳಿದ್ದ ಹಳೇ ಚೇರ್ಮನ್, ಎಲ್ಲರೂ ಗೌರವದಿಂದ 'ಹಿರಾತ ಸಾನ್' ಎನ್ನುವವರು, ಕೂತಿದ್ದರು. ಕಂಪೆನಿಯ ಎರಡನೇ ಯಜಮಾನ, ಈಗ ನಿವೃತ್ತರು, ಕಡ್ಡಿಯಂಥ ಮುದುಕ. ಗೋಡೆಯ ಫೋಟೋಗಳನ್ನು ತೋರಿಸುತ್ತಾ ನಿಧಾನ ಇಂಗ್ಲಿಷಿನಲ್ಲಿ ಕತೆ ಹೇಳಿದರು, ನವ್ಯಾ ಅದನ್ನು ನನಗೆ ಕನ್ನಡದಲ್ಲಿ ತಿಳಿಸುತ್ತಿದ್ದಳು. ಕಂಪೆನಿ ಹುಟ್ಟಿದ್ದು ಒಂದು ಛತ್ರಿ ಅಂಗಡಿಯ ಹಿಂದಿನ ಚಾವಡಿಯಲ್ಲಂತೆ. ಛತ್ರಿಯ ಕಡ್ಡಿಗಳನ್ನು ಕೂಡಿಸುವ ಪಿನ್ನು ಮಾಡುತ್ತಾ. ಆಮೇಲೆ ಹೊಲಿಗೆ ಮೆಷಿನ್ನಿನ ಸ್ಕ್ರೂ, ಕ್ಯಾಮೆರಾದ ಭಾಗ, ಕೊನೆಗೆ ಕಾರಿನ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಸೂಜಿ. ಕಾರು ಕಂಪೆನಿಗಳ ಬೆನ್ನು ಹತ್ತಿಯೇ ಇಂಗ್ಲೆಂಡಿಗೆ ಬಂದದ್ದು. ಸ್ಥಾಪಕರಿಗೆ ಇಬ್ಬರು ಗಂಡುಮಕ್ಕಳು. ಇಬ್ಬರಿಗೂ ಎಣ್ಣೆಯ ವಾಸನೆ ಆಗದು. ಲೇತಿನ ಮುಂದೆ ನಿಂತಿದ್ದ ಕೆಲಸಗಾರ ಹಿರಾತರಿಗೆ ಮಗಳನ್ನು ಕೊಟ್ಟು, ತಮ್ಮ ಮನೆಹೆಸರನ್ನೂ ಕೊಟ್ಟು, ಮಗನಾಗಿ ದತ್ತು ತೆಗೆದುಕೊಂಡು ಯಜಮಾನಿಕೆ ಬಿಟ್ಟುಕೊಟ್ಟರು. ಮೂರನೆಯವರು ರಕ್ತಸಂಬಂಧವೇ ಇಲ್ಲದ ಮೆಷಿನ್ ಮೇಸ್ತ್ರಿ.

ನವ್ಯಾ, "ಇವ್ರು ಅಳಿಯ, ಬಟ್ ಮಗ ಆದ್ರು" ಎಂದದ್ದೇ ತಡ, ನಾನು ಉಬ್ಬಿಹೋಗಿ, "ಹೇಳು ಹೇಳು, ನಮ್ಮ ಊರಲ್ಲೂ ಅಳಿಯಸಂತಾನ ಉಂಟು ಅಂತ ಹೇಳು!" ಎಂದೆ. ಅವಳು ಹೇಳಿದಳು. ಮುದುಕರಿಗೆ ಭಾರೀ ಸಂತೋಷ. ಹಾಗಾದರೆ ನಿಮ್ಮಲ್ಲೂ ಮಗಳ ಗಂಡನಿಗೆ ಹೋಗುತ್ತದೋ ಎಂದು ಕೇಳಿದರು. ಅಲ್ಲ, ನಮ್ಮಲ್ಲಿ ಅಳಿಯನೆಂದರೆ ಅಕ್ಕತಂಗಿಯರ ಮಗ, ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ ಎಂದು ನಾನೇ ಜಂಬದಿಂದ ಬಿಡಿಸಿ ಹೇಳಿಸಿದೆ. ಅವರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರು. ನವ್ಯಾ ನನ್ನ ಕಡೆ ತಿರುಗಿ, "ಹಾಗಾದ್ರೆ ನಿಮ್ಮ ಅಪ್ಪನ ವರ್ಕ್‌ಶಾಪ್ ಸುಜಾತನದ್ದಾ ಅಂತ ಕೇಳ್ತಿದ್ದಾರೆ" ಎಂದಳು.

"ಅದು... ಹಿಂದಿನ ಕಾಲದ ಪದ್ಧತಿ" ಎಂದೆ. ಟೀ ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದೆ.

ಮೆಷಿನ್‌ಗಳನ್ನು ನಿಲ್ಲಿಸಿ ಎಲ್ಲರೂ ಜಪಾನಿನಿಂದ ಮೊದಲು ತಂದ ಲೇತಿನ ಸುತ್ತ ಸೇರಿದರು. ಹೊಸ ಯಜಮಾನರು ಅದರಲ್ಲಿ ಒಂದು ಪಿನ್ನನ್ನು ಕೈಯಾರೆ ಕಡೆದು ಹಳೆಯವರಿಗೆ ಕೊಡಬೇಕು. ಅಕ್ಕ ನೀಲಿ ಕೋಟಿನ ತೋಳು ಮಡಚಿದಳು. ಉಳಿ ತಾಗಿದ ಮೊದಲ ಗೀಟಿನಲ್ಲೇ ಲೋಹದ ಸುರುಳಿ ಹೂವಿನ ದಳದಂತೆ ಬಿಚ್ಚಿಕೊಂಡು ಬಂತು. ಅದೇ ಕೈ! ಹಿರಾತ ಪಿನ್ನನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ತಲೆಯಾಡಿಸಿ, ನೇರ ನನ್ನ ಮುಂದೆ ಬಂದು ಸೊಂಟ ಬಗ್ಗಿಸಿದರು. ಚಪ್ಪಾಳೆ. ಟೆರಿ ಬೆನ್ನು ತಟ್ಟಿದ.

ನಾನು ಬಗ್ಗಲಿಲ್ಲ. "ನವ್ಯಾ, ಹೇಳು. ನಾನು ಕಲಿಸಿದ್ದಲ್ಲ. ಅವಳು ಅಪ್ಪನ ಕೆಲಸ ಕದ್ದು ನೋಡಿ ಕಲಿತದ್ದು. ನಾನು ಕಲಿತದ್ದು ಅವಳಿಂದ."

"ಮಾಮಾ, ಪ್ಲೀಸ್..."

"ಹೇಳು ಮಗಾ."

ಹೇಳಿದಳು. ಚಪ್ಪಾಳೆ ನಿಂತಿತು. ಹಿರಾತ ಅಕ್ಕನ ಕಡೆ ನೋಡಿದರು. ಅಕ್ಕನ ಮುಖ ಕೆಂಪಾಗಿತ್ತು, ಆದರೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಉತ್ತರ ಕೊಟ್ಟಳು. ನವ್ಯಾ ನನ್ನ ಕಿವಿಯಲ್ಲಿ ಅದನ್ನು ಹೇಳಿದಳು: "ಅಪ್ಪ ನನ್ನನ್ನು ಒಳಗೆ ಬಿಡ್ತಿರಲಿಲ್ಲ, ಅವರು ಮಲಗಿದಾಗ ವರ್ಕ್‌ಶಾಪಿನ ಬಾಗಿಲು ತೆಗೆದದ್ದು ತಮ್ಮ. ನನಗೆ ಅದೇ ಪಾಠ, ಅಂತೆ." ಮುದುಕರು ಇಬ್ಬರನ್ನೂ ನೋಡಿ ದೊಡ್ಡದಾಗಿ ನಕ್ಕರು. ಪಿನ್ನು ಸರಿ ಇದೆ, ನನಗೆ ಅಷ್ಟು ಸಾಕು ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ಮತ್ತೆ ಚಪ್ಪಾಳೆ. ಜನ ಕೇಕಿನ ಮೇಜಿನ ಕಡೆ ಹೊರಟರು.

ಅಕ್ಕ ನನ್ನ ತೋಳು ಚಿವುಟಿದಳು. "ಎಂತ ಮಂಡೆಬೆಚ್ಚ ನಿನ್ನದು! ಇವತ್ತೇ ಬೇಕಿತ್ತಾ?"

ಬಾಗಿಲು ತೆಗೆದದ್ದು ನನ್ನ ಒಳ್ಳೆಯತನವೆಂದು ಅವಳು ಇಷ್ಟು ವರ್ಷ ನಂಬಿದ್ದಳಲ್ಲ! ಮೆಷಿನ್‌ಗಳು ಮತ್ತೆ ಶುರುವಾಗಿದ್ದವು, ಅವಳು ಕಿವಿಗೆ ಪ್ಲಗ್ ಸಿಕ್ಕಿಸಿಕೊಂಡಾಗಿತ್ತು. ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

"ಎಂತದಾ? ಜೋರು ಹೇಳು!" ಎಂದು ಕಿವಿಯ ಪ್ಲಗ್ ಕಿತ್ತಳು.

"ಬಾಗಿಲು ತೆಗೆದದ್ದು ನಿನಗೋಸ್ಕರ ಅಲ್ಲ ಅಕ್ಕಾ! ನನಗೆ ಆ ಕೆಲಸ ಬರ್ತಿರ್ಲಿಲ್ಲ, ಅದಕ್ಕೆ ನಿನ್ನ ಕೈಯಲ್ಲಿ ಮಾಡಿಸಿದೆ. ಅಪ್ಪ ಹೊಗಳಿದಾಗ ಬಾಯಿ ಮುಚ್ಚಿ ನಿಂತೆ. ವರ್ಕ್‌ಶಾಪ್ ನಿನಗೆ ಸಿಗ್ಬೇಕಿತ್ತು. ತಪ್ಪಾಯ್ತು ಅಕ್ಕಾ, ನನ್ನಿಂದ ದೊಡ್ಡ ತಪ್ಪಾಯ್ತು!"